ಆಕಾಶದಲ್ಲಿ ಹತ್ತಿರ, ನೆಲದ ಮೇಲೆ ದೂರ!

ಕನ್ನಡದ ತರುಣರೇ,

ಒಮ್ಮೆ ಕರ್ನಾಟಕದ ನಕ್ಷೆ ಬಿಚ್ಚಿ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಅಡಿಕೋಲಿಟ್ಟು ಗೆರೆ ಎಳೆಯಿರಿ. ಸುಮಾರು 370 ಕಿ.ಮೀ. ಆ ಗೆರೆ ಕೊರಟಗೆರೆ, ಮಧುಗಿರಿಗಳ ನಡುವೆ ನುಸುಳಿ, ಶಿರಾವನ್ನು ಎಡಕ್ಕೂ ಪಾವಗಡವನ್ನು ಬಲಕ್ಕೂ ಬಿಟ್ಟು ಸಾಗುತ್ತದೆ. ಈ ನಾಲ್ಕು ತಾಲ್ಲೂಕುಗಳ ನೆತ್ತಿ ದಾಟಲು ವಿಮಾನಕ್ಕೆ ಹತ್ತು ನಿಮಿಷ ಸಾಕು.

ಟಿಕೆಟ್ಟಿನಲ್ಲಿ ಅಚ್ಚಾಗುವುದು ಒಂದು ಗಂಟೆ ಚಿಲ್ಲರೆ. ಆದರೆ ನಗರದ ದಟ್ಟಣೆಯಲ್ಲಿ ದೇವನಹಳ್ಳಿ ಮುಟ್ಟುವ ಹೊತ್ತು, ತಪಾಸಣೆಯ ಸಾಲು, ಇಳಿದ ಮೇಲಿನ ಕಾಯುವಿಕೆ ಎಲ್ಲ ಕೂಡಿಸಿ ನೋಡಿ. ಅರ್ಧ ದಿನ ಹೋಯಿತು! 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ರೈಲಿಗೆ ಹುಬ್ಬಳ್ಳಿ ಸುಮಾರು ಆರು ಗಂಟೆಯ ದಾರಿ. ಹಾಗಾದರೆ ವಿಮಾನ ಉಳಿಸಿದ್ದೆಷ್ಟು?

ಈಗ ನೆಲದ ಲೆಕ್ಕಕ್ಕೆ ಬನ್ನಿ. ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹಾಯುವ ತುಮಕೂರು–ರಾಯದುರ್ಗ ರೈಲು ಮಾರ್ಗ ಮಂಜೂರಾದದ್ದು 2007-08ರಲ್ಲಿ. ಶಿರಾ ಮೂಲಕ ಹೋಗುವ ತುಮಕೂರು–ದಾವಣಗೆರೆ ಮಾರ್ಗ 2011-12ರದು. ಹತ್ತು ವರ್ಷ ಕಳೆದ ಮೇಲೂ ಎರಡೂ ಮುಗಿದಿರಲಿಲ್ಲ. ಹಳಿ ಕಾಣದ ಜನಕ್ಕೆ ಈಗ ರೆಕ್ಕೆಯ ಆಸೆ ತೋರಿಸಲಾಗುತ್ತಿದೆ!

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾಕ್ಕೆ ಬರಲಿ ಎಂದು ಶಾಸಕ ಟಿ.ಬಿ. ಜಯಚಂದ್ರ ಮೊದಲಾದವರು ಪಟ್ಟು ಹಿಡಿದರು. ಆದರೆ 2025ರ ಏಪ್ರಿಲ್‌ನಲ್ಲಿ ಕೇಂದ್ರದ ತಂಡ ನೋಡಿದ್ದು ಕನಕಪುರ ರಸ್ತೆಯ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯ ಒಂದು ಜಾಗ. ಅದಕ್ಕಿಂತ ದೊಡ್ಡ ಬೇಲಿ ಇನ್ನೊಂದಿದೆ. 2004ರ ಒಪ್ಪಂದದ ಪ್ರಕಾರ ದೇವನಹಳ್ಳಿಯಿಂದ ನೇರ 150 ಕಿ.ಮೀ. ಒಳಗೆ, ಮೈಸೂರು ಮತ್ತು ಹಾಸನ ಬಿಟ್ಟರೆ, ಆ ನಿಲ್ದಾಣ ತೆರೆದ 25 ವರ್ಷದವರೆಗೆ ಬೇರೆ ನಿಲ್ದಾಣ ಬೆಳೆಯುವಂತಿಲ್ಲ. ತೆರೆದದ್ದು 2008ರ ಮೇ; ಗಡುವು ಮುಗಿಯುವುದು 2033ರ ಮೇ. ನೇರ ಗೆರೆಯಲ್ಲಿ ಕೊರಟಗೆರೆ 60, ಮಧುಗಿರಿ 75, ಶಿರಾ 105, ಪಾವಗಡ 110 ಕಿ.ಮೀ. ಆಸುಪಾಸು. ನಾಲ್ಕೂ ಬೇಲಿಯೊಳಗೇ!

ನಿಮ್ಮಲ್ಲಿ ಎಷ್ಟೋ ಮಂದಿಯ ಅಪ್ಪ, ಅಮ್ಮ ಇನ್ನೂ ಆ ಊರುಗಳಲ್ಲಿದ್ದಾರೆ. ಈ ವಾರವೇ ಅವರಿಗೆ ಫೋನ್ ಮಾಡಿ. ವಿಮಾನ ಬರುತ್ತದೆಂದು ಹೇಳುವ ದಲ್ಲಾಳಿಯ ಮಾತು ಕೇಳಿ ಹೊಲ ಮಾರಬೇಡಿ ಎನ್ನಿ. ಪಾವಗಡದ 13,000 ಎಕರೆಯ ಸೌರ ವಿದ್ಯುತ್ ಪಾರ್ಕಿಗೆ ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಪಹಣಿಯಲ್ಲಿ ಅವರ ಹೆಸರು ಉಳಿಯಿತು. ಆದರೆ ಅಂಥ ಕಡೆ ಭೂಮಿಯಿಲ್ಲದ ಕೂಲಿಯವನಿಗೆ ಗುತ್ತಿಗೆ ಹಣವೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಈ ಎರಡೂ ಪಾಠ ನೆನಪಿರಲಿ.

ನಾಳೆ ಎಲ್ಲೇ ನಿಲ್ದಾಣ ಬರಲಿ, ನಮ್ಮ ಬೇಡಿಕೆ ಇಂದೇ ದಾಖಲಾಗಬೇಕು. ಮೊದಲು ರೈಲು, ಆಮೇಲೆ ವಿಮಾನ. ಭೂಮಿ ಕೊಟ್ಟವನ ಮನೆಗೂ, ಕೂಲಿ ಕಳೆದುಕೊಂಡವನ ಮನೆಗೂ ಕೆಲಸ. ಫಲಕದಲ್ಲಿ, ಪ್ರಕಟಣೆಯಲ್ಲಿ, ವಿಮಾನದೊಳಗಿನ ಸುರಕ್ಷತೆಯ ಮಾತಿನಲ್ಲಿ ಕನ್ನಡ. ಸಿ ಮತ್ತು ಡಿ ದರ್ಜೆಯ ಹುದ್ದೆ ಕನ್ನಡಿಗರಿಗೆ ಎಂದು ಸರೋಜಿನಿ ಮಹಿಷಿ ವರದಿ ಹೇಳಿದ್ದು 1986ರಲ್ಲಿ. ಆ ವರದಿ ಧೂಳು ತಿಂದದ್ದು ಸಾಕು!

ನಮ್ಮ ನೆಲದ ಮೇಲೆ ಹಾರುವವರು ನಮ್ಮ ನುಡಿಗೂ ನಮ್ಮ ಅನ್ನಕ್ಕೂ ಲೆಕ್ಕ ಕೊಡಲಿ. ಕೇಳುವ ಗಂಟಲು ನಿಮ್ಮದಾಗಲಿ.