ನಮ್ಮ ಹಸಿವು, ಅವರ ಸ್ಪೆಷಲ್ ಊಟ

ಆಟಿ ತಿಂಗಳು ಬಂತೆಂದರೆ ಈಗ ಕರಾವಳಿಯ ದೊಡ್ಡ ಹೋಟೆಲುಗಳಿಗೆ ಹಬ್ಬ. ಮಂಗಳೂರಿನ ಏರ್‌ಕಂಡೀಶನ್ ಹಾಲುಗಳಿಂದ ಹಿಡಿದು ಘಟ್ಟದ ತಪ್ಪಲಿನ ರೆಸಾರ್ಟುಗಳವರೆಗೆ 'ಆಟಿ ಸ್ಪೆಷಲ್' ಎಂಬ ಬೋರ್ಡು ಏಳುತ್ತದೆ. ಹಳೇ ಗುತ್ತುಮನೆಯ ಹಾಗೆ ಕಟ್ಟಿಸಿದ ಹೆಂಚಿನ ಮಾಡು, ಕೆತ್ತನೆಯ ಕಂಬ, ಹೊರಗೆ ಧೋ ಎಂದು ಮಳೆ, ಒಳಗೆ ಮಂದ ದೀಪ. ಮೇಜಿನ ಮೇಲೆ ಬಾಳೆಲೆ. ಎಲೆಯ ಮೇಲೆ ಪತ್ರೊಡೆ, ತಜಂಕಿನ ಪಲ್ಯ, ಕಣಿಲೆಯ ಗಸಿ, ಉಪ್ಪಡ್ ಪಚ್ಚಿಲ್, ಹಲಸಿನ ಬೀಜದ ಸಾರು, ಹುರುಳಿ ಚಟ್ನಿ. ಬಾಗಿಲಲ್ಲಿ ಆಟಿ ಕಳಂಜನ ವೇಷ ಕುಣಿಯುತ್ತದೆ. ಹುಟ್ಟಿದ ದಿನ, ಮದುವೆಯ ವಾರ್ಷಿಕ ದಿನ ಎಂದು ಕಾರಿನಲ್ಲಿ ಬಂದವರು ಕಳಂಜನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. 'ನಮ್ಮ ಹಿರಿಯರ ಊಟ' ಎಂದು ಹೇಳಿಕೊಳ್ಳುತ್ತಾ ಒಳಗೆ ಹೋಗುತ್ತಾರೆ.

ಗೆಳೆಯರೇ, ನಮ್ಮ ತಕರಾರು ಇರುವುದು ಇಲ್ಲಿಯೇ. ಯಾರ ಹಿರಿಯರು? ಯಾವ ಊಟ?

ಪುತ್ತೂರು, ಸುಳ್ಯ, ಕಡಬದ ಯಾವ ಹಳೇ ಜೀವವನ್ನಾದರೂ ಕೇಳಿ ನೋಡಿ. ಆಟಿ ಎಂದರೆ ಹಸಿವಿನ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಏಣೆಲಿನ ನೇಜಿ ನೆಟ್ಟು ಮುಗಿದಿದೆ, ಕೊಯ್ಲು ದೂರ ಉಂಟು. ಗದ್ದೆಯಲ್ಲಿ ಕೆಲಸವಿಲ್ಲ. ಕೂಲಿಯನ್ನು ಭತ್ತದಲ್ಲೋ ಅಕ್ಕಿಯಲ್ಲೋ ಅಳೆದು ಕೊಡುತ್ತಿದ್ದ ಕಾಲವದು. ಕೆಲಸ ಇಲ್ಲದ ದಿನ ಅಕ್ಕಿಯೂ ಇಲ್ಲ. ಮಳೆಯೋ, ಹಗಲು ರಾತ್ರಿ ಒಂದೇ ಸಮನೆ. ಧಣಿಯ ಮನೆಯ ಅಟ್ಟದಲ್ಲಿ ಮುಡಿ ಕಟ್ಟಿದ ಅಕ್ಕಿ ಇರುತ್ತಿತ್ತು. ಮೂಲದ ಆಳಿನ ಗುಡಿಸಲಿನಲ್ಲಿ ಒಲೆ ಒದ್ದೆಯಾಗಿರುತ್ತಿತ್ತು. ಗಡಿಯಾಚೆ ಕಾಸರಗೋಡಿನ ಕಡೆ ಮಲಯಾಳಿ ಬಡವರು ಇದೇ ತಿಂಗಳಿಗೆ ಬರದ ಕರ್ಕಟಕ ಎಂದೇ ಹೆಸರಿಟ್ಟಿದ್ದರು.

ಆವಾಗ ಏನು ತಿಂದರು? ಬೇಲಿ ಬದಿಯಲ್ಲಿ ಯಾರೂ ನೆಡದೆ ಹುಟ್ಟಿದ್ದನ್ನು ತಿಂದರು. ತಜಂಕ್ ಎಂದರೆ ಘಟ್ಟದ ಮೇಲಿನವರು ತಗಚೆ ಸೊಪ್ಪು ಎನ್ನುವ ಕಳೆ. ಕೆಸು ತೋಡಿನ ಬದಿಯದ್ದು, ಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಕಣಿಲೆ ಎಂದರೆ ಬಿದಿರಿನ ಎಳೆ ಮೊಳಕೆ. ಹಸಿಯದು ವಿಷ. ಹೆಚ್ಚಿ ನೀರಿನಲ್ಲಿ ಹಾಕಿ, ನೀರು ಬದಲಿಸಿ ಬದಲಿಸಿ, ಆ ಮೇಲೆ ಬೇಯಿಸಬೇಕು. ಹಲಸಿನ ತೊಳೆಯನ್ನು ಮಳೆಗೆ ಮೊದಲೇ ಉಪ್ಪಿನಲ್ಲಿ ಹಾಕಿಡಬೇಕು. ಬೀಜವನ್ನು ಮಣ್ಣು ಸವರಿ ಮೂಲೆಯಲ್ಲಿ ಕಾಪಾಡಬೇಕು. ಯಾವ ಎಲೆ ಜೀವ ಉಳಿಸುತ್ತದೆ, ಯಾವುದು ಜೀವ ತೆಗೆಯುತ್ತದೆ ಎಂಬ ಈ ವಿದ್ಯೆಯನ್ನು ಕಂಡುಹಿಡಿದವರು ಯಾವ ಹೋಟೆಲಿನ ಶೆಫ್ ಸಾಹೇಬರೂ ಅಲ್ಲ. ಹೊಟ್ಟೆಗಿಲ್ಲದೆ ಮಕ್ಕಳನ್ನು ಮಲಗಿಸಿದ ನಮ್ಮ ಅಜ್ಜಿಯಂದಿರು. ಇದು ರುಚಿಯ ಹುಡುಕಾಟದಿಂದ ಹುಟ್ಟಿದ್ದಲ್ಲ ಮಾರಾಯ್ರೆ, ಸಾಯದೆ ಉಳಿಯುವ ಹಟದಿಂದ ಹುಟ್ಟಿದ್ದು.

ಅನುಕೂಲಸ್ಥರ ಮನೆಯಲ್ಲೂ ಪತ್ರೊಡೆ ಮಾಡುತ್ತಿದ್ದರು, ನಿಜ. ಆದರೆ ಅನ್ನದ ಜೊತೆಗೆ ಪತ್ರೊಡೆ ತಿನ್ನುವುದು ಬೇರೆ, ಅನ್ನದ ಬದಲಿಗೆ ಸೊಪ್ಪು ತಿನ್ನುವುದು ಬೇರೆ. ಈ ವ್ಯತ್ಯಾಸವನ್ನು ಒರೆಸಿಹಾಕುವುದೇ ಈ 'ಆಟಿ ಸ್ಪೆಷಲ್' ಊಟದ ಹುನ್ನಾರ. ಪಟ್ಟಿಯನ್ನೇ ನೋಡಿ. ಗದ್ದೆಯ ಏಡಿ ಅಲ್ಲಿಗೆ ಬರುವುದು ಅಪರೂಪ. ಗದ್ದೆಯ ನರ್ತೆ ಇನ್ನೂ ಅಪರೂಪ. ಇನ್ನು ಹಸಿವು ತಡೆಯಲಾರದೆ, ಊರಿನವರು ಎಳೆದು ಹಾಕಲು ಹೇಳಿದ ಸತ್ತ ದನದ ಮಾಂಸವನ್ನು ಒಣಗಿಸಿಟ್ಟು ತಿಂದವರ ಆಟಿಯನ್ನು ಯಾವ ರೆಸಾರ್ಟಿನ ಬಾಣಸಿಗ ತನ್ನ ಪಟ್ಟಿಯಲ್ಲಿ ಬರೆದಾನು? ಹಸಿವಿನಲ್ಲೂ ಮಡಿಯಾದದ್ದನ್ನು ಮಾತ್ರ ಆರಿಸಿಕೊಂಡಿದ್ದಾರೆ. ಜಾತಿ ಇಲ್ಲಿ ಸೌಟು ಹಿಡಿದು ನಿಂತಿದೆ.

ಇನ್ನು ಬಾಗಿಲಲ್ಲಿ ಕುಣಿಯುವ ಕಳಂಜ. ಸೊಂಟಕ್ಕೆ ಎಳೆ ತೆಂಗಿನ ಗರಿ, ತಲೆಗೆ ಹಾಳೆಯ ಟೊಪ್ಪಿ, ಕೈಯಲ್ಲಿ ತಾಳೆಗರಿಯ ಕೊಡೆ. ಊರಿಗೆ ಬಂದ ಮಾರಿಯನ್ನು ಕಳೆಯಲು ಆಟಿಯ ಮಳೆಯಲ್ಲಿ ಮನೆ ಮನೆಗೆ ಬರುತ್ತಿದ್ದವನು. ಕಟ್ಟುತ್ತಿದ್ದವರು ನಲಿಕೆಯವರು, ಪರಿಶಿಷ್ಟ ಜಾತಿಯ ಜನ. ಅಂಗಳದಲ್ಲಿ ಕುಣಿಯಬೇಕು, ಜಗಲಿ ಹತ್ತುವಂತಿಲ್ಲ. ಕೊಟ್ಟ ಭತ್ತ, ತೆಂಗಿನಕಾಯಿ, ಉಪ್ಪು, ಅರಸಿನ, ಮಸಿಯ ತುಂಡನ್ನು ತೆಗೆದುಕೊಂಡು ಹೋಗಬೇಕು. ಇಡೀ ಊರಿನ ರೋಗವನ್ನು ತನ್ನ ಮೈಮೇಲೆ ಹೊತ್ತು ಹೋಗುವವನು, ಆದರೆ ಊರು ಅವನನ್ನೇ ಮುಟ್ಟುವುದಿಲ್ಲ! ಸ್ವಾಮಿ, ಆತ ಆ ಮಳೆಯಲ್ಲಿ ಹೊರಟದ್ದು ಕುಣಿಯುವ ಖುಷಿಗಲ್ಲ. ಆಟಿಯಲ್ಲಿ ಅವನ ಮನೆಯಲ್ಲೂ ಒಲೆ ಉರಿಯಬೇಕಿತ್ತು. ಅಂದು ಅಂಗಳದಲ್ಲಿ ನಿಲ್ಲಿಸಿದರು, ಇಂದು ರೆಸಾರ್ಟಿನ ಗೇಟಿನಲ್ಲಿ ನಿಲ್ಲಿಸಿದ್ದಾರೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದಾರೆ, ಅಷ್ಟೇ ಬದಲಾವಣೆ.

ಈ ಮಣ್ಣಿನಲ್ಲಿ ವಿಶೇಷ ಊಟಕ್ಕೆ ಒಂದು ಚರಿತ್ರೆ ಉಂಟು. ಅದನ್ನು ನೆನಪಿಟ್ಟುಕೊಂಡೇ ಮಾತಾಡಬೇಕು. ಹಿಂದೆ ಸುಳ್ಯ ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಊಟ ಹೇಗಿತ್ತು? ಬ್ರಾಹ್ಮಣರು ಉಂಡೇಳಬೇಕು, ಅವರ ಎಂಜಲೆಲೆಯ ಮೇಲೆ ಜನ ಉರುಳಬೇಕು. ಅದರ ಹೆಸರು ಮಡೆಸ್ನಾನ. 2011ರಲ್ಲಿ ಅಲ್ಲಿಗೇ ಹೋಗಿ ವಿರೋಧಿಸಿದವರ ಮೇಲೆ ಹಲ್ಲೆಯಾಯಿತು. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತಡೆ ಕೊಡಬೇಕಾಯಿತು. 2017ರಲ್ಲಿ ರಾಜ್ಯ ಸರಕಾರ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾಯ್ದೆ ತಂದು ಅದನ್ನು ನಿಷೇಧಿಸಿತು. ಆಗ ಸಮರ್ಥಕರು ಏನು ಹೇಳುತ್ತಿದ್ದರು? ಉರುಳುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಇದರಲ್ಲಿ ಭೇದ ಎಲ್ಲಿದೆ ಎಂದು. ಸರಿ ಸ್ವಾಮಿ, ಉರುಳುವವರಲ್ಲಿ ಎಲ್ಲರೂ ಇದ್ದರು. ಎಲೆಯ ಮುಂದೆ ಕೂತು ಉಂಡವರಲ್ಲಿ ಎಲ್ಲರೂ ಇದ್ದರೇ?

ಕೊರಗರ ಸಂಗತಿ ಇನ್ನೂ ಘೋರ. ಅಜಲು ಎಂಬ ಹೆಸರಿನಲ್ಲಿ, ಉಗುರು ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು. ತಮ್ಮ ಕಾಯಿಲೆ, ತಮ್ಮ ಅನಿಷ್ಟ ಕೊರಗರ ಹೊಟ್ಟೆಗೆ ಹೋಗಲಿ ಎಂದು! ದೊಡ್ಡವರ ಮನೆಯ ಸಮಾರಂಭಕ್ಕೆ ಡೋಲು ಬಡಿಯಲು ಕೊರಗ ಬೇಕು, ಪಂಕ್ತಿಯಲ್ಲಿ ಬೇಡ. ಎಲ್ಲರೂ ಉಂಡ ಮೇಲೆ ಎಂಜಲು ಅವನ ಪಾಲಿಗೆ. ಅಜಲನ್ನು ನಿಷೇಧಿಸುವ ಕಾಯ್ದೆ ಬರಲು ಸ್ವಾತಂತ್ರ್ಯ ಬಂದು 53 ವರ್ಷ ಬೇಕಾಯಿತು, ಅದು ಬಂದದ್ದು 2000ದಲ್ಲಿ.

ದೇವಸ್ಥಾನದ ಪಂಕ್ತಿ, ಧಣಿಯ ಮನೆಯ ಸಮಾರಂಭ, ರೆಸಾರ್ಟಿನ ಡಿನ್ನರ್ ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತೀರಲ್ಲ, ಇದು ಅತಿಯಾಯಿತು ಎನ್ನುವವರು ಇದ್ದಾರೆ. ಮೂರೂ ಒಂದೇ ಎಂದು ನಾವು ಹೇಳುತ್ತಿಲ್ಲ. ಮೂರಕ್ಕೂ ಒಂದೇ ಪ್ರಶ್ನೆ ಹಾಕುತ್ತಿದ್ದೇವೆ. ಕೂತವರು ಯಾರು, ನಿಂತವರು ಯಾರು, ಎಲೆ ಎತ್ತಿದವರು ಯಾರು? ಮೂರು ಕಡೆಯಲ್ಲೂ ಉತ್ತರ ಒಂದೇ ಕೇರಿಯ ಕಡೆ ಬೆರಳು ತೋರಿಸಿದರೆ ಅದು ನಮ್ಮ ತಪ್ಪೇ?

'ಈಗ ಯಾರು ಯಾರನ್ನು ತಡೆದಿದ್ದಾರೆ? ದುಡ್ಡು ಕೊಟ್ಟು ಯಾರೂ ಬಂದು ತಿನ್ನಬಹುದು' ಎನ್ನುತ್ತಾರೆ. ಒಳ್ಳೇದು. ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿಯಲ್ಲಿ ಅಂಗಡಿ, ಹೋಟೆಲುಗಳ ಬಾಗಿಲು ಜಾತಿಯ ಕಾರಣಕ್ಕೆ ಯಾರಿಗೂ ಮುಚ್ಚಬಾರದು ಎಂದು ಬರೆಯಬೇಕಾಗಿ ಬಂದದ್ದು ಏಕೆಂದು ಮೊದಲು ಯೋಚಿಸಿ. ಅಮೆರಿಕದಲ್ಲಿ 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊ ಎಂಬ ಊರಿನ ಅಂಗಡಿಯೊಂದರಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರ ಊಟದ ಸಾಲಿನಲ್ಲಿ ಹೋಗಿ ಕೂತರು. ಅದೇ ಅಂಗಡಿಯಲ್ಲಿ ಅವರು ಸಾಮಾನು ಕೊಳ್ಳಬಹುದಿತ್ತು, ಕೂತು ತಿನ್ನುವ ಹಾಗಿರಲಿಲ್ಲ. ಅವರು ಕೇಳಿದ್ದು ಒಂದು ಕಪ್ ಕಾಫಿ. ಅಂಗಡಿ ನಡುಗಿದ್ದು ಕಾಫಿಗಲ್ಲ, ಕುರ್ಚಿಗೆ. ನಮ್ಮ ಹಳ್ಳಿಗಳ ಹೋಟೆಲುಗಳಲ್ಲಿ ಹೊರಗೆ ಇಟ್ಟ ಬೇರೆ ಲೋಟದ ವಿರುದ್ಧ ದಲಿತ ಸಂಘಟನೆಗಳು ಹೋರಾಡಿದ್ದೂ ಇದೇ ಕುರ್ಚಿಗಾಗಿ. ಇಂದು ಆ ಬೇರೆ ಲೋಟದ ಕೆಲಸವನ್ನು ಬಿಲ್ಲು ಮಾಡುತ್ತಿದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ತಜಂಕ್ ಕೊಯ್ದು ತಂದ ಹೆಂಗಸು ಅದೇ ತಜಂಕ್ ತಿನ್ನಲು ಒಳಗೆ ಹೋಗಬೇಕಾದರೆ ಎಷ್ಟು ದಿನ ದುಡಿಯಬೇಕು? ಲೆಕ್ಕ ನೀವೇ ಹಾಕಿ.

ಸಂಸ್ಕೃತಿ ಉಳಿಸುತ್ತಿದ್ದೇವೆ ಎಂಬುದು ಇನ್ನೊಂದು ಮಾತು. ಸಂಸ್ಕೃತಿ ಉಳಿಸುವವರು ಮೊದಲು ಅದನ್ನು ಕಟ್ಟಿದವರನ್ನು ಉಳಿಸಬೇಕಲ್ಲ? ಆಟಿಯ ಹಸಿವಿಗೆ ಕಾರಣ ಮಳೆಯಲ್ಲ. ಮಳೆ ಧಣಿಯ ಮನೆಯ ಮೇಲೂ ಬೀಳುತ್ತಿತ್ತು. ಕಾರಣ ಭೂಮಿ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ 'ಚೋಮನ ದುಡಿ'ಯ ಚೋಮನಿಗೆ ಬೇಕಾದದ್ದು ಒಂದು ತುಂಡು ಗದ್ದೆ. ಸಿಗಲಿಲ್ಲ. ಬಿ.ವಿ. ಕಾರಂತರು 1975ರಲ್ಲಿ ಅದನ್ನು ಸಿನಿಮಾ ಮಾಡಿದರು, ದೇಶದ ಅತ್ಯುತ್ತಮ ಚಿತ್ರವೆಂದು ಪ್ರಶಸ್ತಿ ಬಂತು. ಅದಕ್ಕೆ ಒಂದು ವರ್ಷ ಮೊದಲು, 1974ರಲ್ಲಿ, ದೇವರಾಜ ಅರಸರ ಸರಕಾರ ಭೂಸುಧಾರಣೆ ತಂದಿತು. ಈ ಜಿಲ್ಲೆಯಲ್ಲಿ ಗೇಣಿದಾರರು ಒಡೆಯರಾದರು, ದೊಡ್ಡ ಕೆಲಸವೇ ಆಯಿತು. ಆದರೆ ಗೇಣಿಚೀಟಿಯೇ ಇಲ್ಲದ ಮೂಲದ ಆಳು ಯಾವ ಕಾಗದ ಹಿಡಿದು ಟ್ರಿಬ್ಯೂನಲ್ಲಿಗೆ ಹೋಗಬೇಕಿತ್ತು? ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದೇ ತೆಗೆದಿಟ್ಟ ಡಿ.ಸಿ. ಮನ್ನಾ ಜಮೀನಿಗಾಗಿ ನಮ್ಮವರು ಇಂದಿಗೂ ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂರುತ್ತಿದ್ದಾರೆ. ಕಚೇರಿಯ ಮುಂದೆ ಮಳೆಯಲ್ಲಿ ನೆನೆಯುವವನೂ ಆಟಿಯ ವಾರಸುದಾರನೇ. ಅವನ ಫೋಟೊ ಯಾರಿಗೂ ಬೇಡ.

ಕಣಿಲೆಯ ಕತೆಯೂ ಅಷ್ಟೇ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿ ಹೇಳಿದೆ. ಕಾಡಿನವರಿಗೆ ಅದನ್ನು ಸಂಗ್ರಹಿಸುವ, ಮಾರುವ ಹಕ್ಕು ಕೊಟ್ಟಿದೆ. ಆದರೂ ಘಟ್ಟದ ಬುಡದ ಮಲೆಕುಡಿಯನ ಹೆಗಲಲ್ಲಿ ಇರುವಾಗ ಕಣಿಲೆಯ ಮೇಲೆ ಗಾರ್ಡಿನ ಕಣ್ಣು. ಪಿಂಗಾಣಿ ತಟ್ಟೆಗೆ ಬಂದ ಮೇಲೆ ಅದು ಪಾರಂಪರಿಕ ಭಕ್ಷ್ಯ!

ನಾಲ್ಕು ಜನರಿಗೆ ಉದ್ಯೋಗ ಸಿಗುತ್ತದಲ್ಲ ಎನ್ನುವವರಿಗೂ ಒಂದು ಮಾತು. ಉದ್ಯೋಗ ಬೇಡ ಎನ್ನಲು ನಾವು ಹುಚ್ಚರಲ್ಲ. ಆದರೆ ಯಾವ ಉದ್ಯೋಗ? ನಮ್ಮ ಹುಡುಗ ಪಾತ್ರೆ ತೊಳೆಯುವ ಹಿತ್ತಿಲಲ್ಲೇ ಉಳಿಯುತ್ತಾನೋ, ಒಲೆಯ ಮುಂದೆ ಬರುತ್ತಾನೋ? ಕನಿಷ್ಠ ವೇತನ, ಪಿ.ಎಫ್., ಇ.ಎಸ್.ಐ. ಉಂಟೋ? ಅಜ್ಜಿಯ ವಿದ್ಯೆ ಮೊಮ್ಮಗಳಿಗೆ ಅಡಿಗೆಯ ಮುಖ್ಯಸ್ಥೆಯ ಕುರ್ಚಿ ಕೊಟ್ಟರೆ ನಾವೇ ಮುಂದೆ ನಿಂತು ಚಪ್ಪಾಳೆ ತಟ್ಟುತ್ತೇವೆ.

ಇನ್ನು ನಮ್ಮದೇ ಮನೆಯ ಮಾತು. 'ಆಟಿಡೊಂಜಿ ದಿನ' ಈಗ ಶಾಲೆ ಕಾಲೇಜುಗಳಿಗೂ ಬಂದಿದೆ. ಮೇಷ್ಟ್ರುಗಳೇ, ಟೀಚರುಗಳೇ, ಅದನ್ನು ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ, ನಿಜವಾಗಿ ಮಾಡಿ ಎನ್ನುತ್ತೇವೆ. ಮಕ್ಕಳು ತಿಂಡಿಯ ಡಬ್ಬಿ ತರುವ ಮೊದಲು ಒಂದು ಪ್ರಶ್ನೆ ಮನೆಗೆ ಒಯ್ಯಲಿ: ಅಜ್ಜಿ, ಆಟಿಯಲ್ಲಿ ನಮ್ಮ ಮನೆಯಲ್ಲಿ ಅಕ್ಕಿ ಇತ್ತೋ? ಸಾಲ ಯಾರಿಂದ ತಂದಿರಿ? ತೀರಿಸಿದ್ದು ಹೇಗೆ? ಧಣಿಯ ಮೊಮ್ಮಗನೂ ಕೇಳಲಿ, ಆಳಿನ ಮೊಮ್ಮಗಳೂ ಕೇಳಲಿ. ಎರಡು ಉತ್ತರಗಳನ್ನೂ ಒಂದೇ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ. ಯಾವ ಪಠ್ಯಪುಸ್ತಕವೂ ಕಲಿಸದ ಚರಿತ್ರೆ ಅಂದು ನಿಮ್ಮ ತರಗತಿಯಲ್ಲಿ ಹುಟ್ಟುತ್ತದೆ. ಮತ್ತೆ ಎಲ್ಲ ಡಬ್ಬಿಗಳನ್ನೂ ಒಂದೇ ಸಾಲಿನಲ್ಲಿ ಬಿಚ್ಚಿಸಿ, ಎಲ್ಲರೂ ಎಲ್ಲರದ್ದನ್ನೂ ತಿನ್ನಲಿ. ಯಾವ ಮಗುವಿನ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ ಎಂದು ನೋಡಿ. ನಿಮ್ಮ ಕೆಲಸ ಅಲ್ಲಿಂದ ಶುರು.

ವಿದ್ಯಾರ್ಥಿ ಮಿತ್ರರೇ, ಸಂಘಟನೆಯ ಗೆಳೆಯರೇ, ಊಟಕ್ಕೆ ಬೆಂಕಿ ಹಚ್ಚುವುದು ನಮ್ಮ ಚಳುವಳಿಯಲ್ಲ. ಕೇಳುವುದನ್ನು ನೇರ ಕೇಳೋಣ. ಕಳಂಜ ಕಟ್ಟುವ ಕಲಾವಿದನಿಗೆ ಮೊದಲೇ ಮಾತಾಡಿದ ಸಂಭಾವನೆ ಸಿಗಬೇಕು, ನೋಟು ಎಸೆಯುವುದು ನಿಲ್ಲಬೇಕು. ಕುಣಿತ ಮುಗಿದ ಮೇಲೆ ಆತ ಅದೇ ಹಾಲಿನಲ್ಲಿ, ಅದೇ ಮೇಜಿನಲ್ಲಿ, ಉಳಿದ ಅತಿಥಿಗಳ ಜೊತೆ ಕೂತು ಉಣ್ಣಬೇಕು. ಸೊಪ್ಪು, ಕಣಿಲೆ ತಂದವರಿಗೆ ನ್ಯಾಯದ ಬೆಲೆ ಸಿಗಬೇಕು. ಆಟಿಯ ಊಟ ಬಡಿಸುವವರು ಆಟಿ ಹಸಿವಿನ ತಿಂಗಳಾಗಿತ್ತೆಂದು ತಮ್ಮ ಬೋರ್ಡಿನಲ್ಲಿ ಬರೆಯಬೇಕು. ಕೊಡಲಾಗದ ಬೇಡಿಕೆ ಇದರಲ್ಲಿ ಯಾವುದಿದೆ?

ಮುಂದಿನ ಆಟಿಗೆ ನಿಮ್ಮ ಊರಿನ ಯಾವುದೇ ಸಮಾರಂಭದ ಕಾಗದ ಬಂದರೆ ಹೋಗಿ. ಹೋಗಿ ಮೊದಲು ಕೇಳಿ, ಕಳಂಜನಿಗೆ ಎಲೆ ಎಲ್ಲಿ ಹಾಕಿದ್ದೀರಿ ಎಂದು. ಒಳಗೆ ಎಂದರೆ ಅವನ ಪಕ್ಕದಲ್ಲಿ ಕೂತು ಹೊಟ್ಟೆತುಂಬ ಉಣ್ಣಿ. ಹೊರಗೆ ಎಂದರೆ ಎಲೆ ಮಡಚಿ ಎದ್ದು ಬನ್ನಿ. ಬರುವಾಗ ಏಕೆ ಎದ್ದಿರೆಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಬನ್ನಿ.