‘ಟೆಸ್ಟ್ ಫೇಲ್’ ಎಂದಷ್ಟೇ ಹೇಳಿದರೆ ಸಾಕೇ?

2024ರ ಮಾರ್ಚ್ 22ರಂದು ಚಳ್ಳಕೆರೆಯಲ್ಲಿ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟ ಇಸ್ರೋದ ‘ಪುಷ್ಪಕ್’, ಪೈಲಟ್ ಇಲ್ಲದೆ ತಾನೇ ರನ್‌ವೇಗೆ ಇಳಿಯಿತು. ಅದನ್ನು ನಡೆಸಿದ್ದು ಸಾಫ್ಟ್‌ವೇರ್.

ಸಾಫ್ಟ್‌ವೇರ್‌ನ ಒಂದೊಂದು ಚಿಕ್ಕ ಭಾಗವನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದೇ ಯುನಿಟ್ ಟೆಸ್ಟ್. ಅದು ಬರೀ ‘ಫೇಲ್’ ಎಂದರೆ ಪ್ರಯೋಜನ ಕಡಿಮೆ. ಮೊಳಕಾಲ್ಮುರು ಸೀರೆಯಲ್ಲಿ ‘ದೋಷವಿದೆ’ ಎಂದಷ್ಟೇ ಹೇಳಿದರೆ ನೇಕಾರರು ಯಾವ ಎಳೆ ಹುಡುಕಬೇಕು?

ಉದಾಹರಣೆಗೆ, ‘ಎತ್ತರ: ಬರಬೇಕಿದ್ದದ್ದು 40000, ಬಂದದ್ದು -25536’ ಎಂದು ತೋರಿಸಿದರೆ, 16 ಬಿಟ್ ಜಾಗದಲ್ಲಿ ಸಂಖ್ಯೆ ಹಿಡಿಸಿಲ್ಲ ಎಂಬ ಸುಳಿವು ತಕ್ಷಣ ಸಿಗುತ್ತದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ನಾಶವಾಗಿದ್ದೂ 16 ಬಿಟ್‌ನಲ್ಲಿ ಹಿಡಿಸದ ಸಂಖ್ಯೆಯಿಂದಲೇ.

‘ಟೆಸ್ಟ್ ಫೇಲ್’ ಎಂಬ ಫಾರ್ವರ್ಡ್ ಬಂದರೆ ಮೊದಲು ಕೇಳಿ: ಏನು ಬರಬೇಕಿತ್ತು, ಏನು ಬಂತು? ನೆಲದ ಮೇಲೇ ಸಿಕ್ಕ ತಪ್ಪು ಸೋಲಲ್ಲ.