ಪರೀಕ್ಷೆಯೇ ಪ್ರಮಾಣ

ಟೈರಿನೊಳಗೆ ಒಂದು ಬಗೆಯ ದ್ರವವನ್ನು ತುಂಬಿದರೆ ಪಂಕ್ಚರಿನ ಭಯವೇ ಇರದೆಂದು ವ್ಯಾಪಾರಿಗಳು ಸಾರುತ್ತಿರುವರು. ಮೊಳೆ ಚುಚ್ಚಿದಾಗ ಹೊರನುಗ್ಗುವ ಗಾಳಿಯೇ ದ್ರವದಲ್ಲಿರುವ ಸಣ್ಣ ನಾರುಗಳನ್ನು ರಂಧ್ರಕ್ಕೆ ಒಯ್ದು ಅದನ್ನು ಮುಚ್ಚಿಸುವುದು ದಿಟ. ಆದರೆ ಟೈರಿನ ಪಾರ್ಶ್ವದಲ್ಲಾದ ಸೀಳಿಗೆ ಅದು ಮದ್ದಲ್ಲ. ಅಂಗಡಿಯ ಮುಂದೆ ಮೊಳೆ ಹೊಡೆದು ತೋರಿಸುವುದನ್ನು ಪರೀಕ್ಷೆಯೆಂದು ನಾವು ಒಪ್ಪಲಾರೆವು.

1948ರಲ್ಲಿ ಮೈಸೂರು ಸರ್ಕಾರದ ಇಲಾಖೆಯಾಗಿ ಹುಟ್ಟಿ 1961ರಲ್ಲಿ ನಿಗಮವಾದ ನಮ್ಮ ಸಾರಿಗೆ ಸಂಸ್ಥೆಯಂತಹವು ಇದನ್ನು ಕೊಳ್ಳುವ ಮುನ್ನ, ದ್ರವವಿರುವ ಬಸ್ಸುಗಳನ್ನೂ ಇಲ್ಲದವನ್ನೂ ಒಂದೇ ಮಾರ್ಗದಲ್ಲಿ, ಬೇಸಗೆ ಮಳೆಗಾಲಗಳೆರಡರಲ್ಲಿಯೂ ಓಡಿಸತಕ್ಕದ್ದು. ಪಂಕ್ಚರು, ಟೈರಿನ ಬಾಳಿಕೆ, ವೆಚ್ಚ ಇವುಗಳ ಲೆಕ್ಕವನ್ನು ಪ್ರಕಟಿಸತಕ್ಕದ್ದು. ಮುಚ್ಚಿದ ರಂಧ್ರವನ್ನು ನಂಬಿ ಟೈರಿನ ತಪಾಸಣೆಯನ್ನು ಕೈಬಿಡುವುದಂತೂ ಸಲ್ಲದು. ವ್ಯಯವಾಗುವ ಹಣ ಪ್ರಜೆಗಳದು. ಪಣಕ್ಕೊಡ್ಡಿದ ಪ್ರಾಣವೂ ಪ್ರಜೆಗಳದೇ.